ವಿಶ್ವೇಶ್ವರಯ್ಯನವರು ರೈಲಿನ ಸರಪಳಿ ಎಳೆದ ಕಥೆ: ಹಳಿ ಮುರಿದದ್ದು ಕಿವಿಗೆ ಕೇಳಿಸುತ್ತದೆಯೇ?

ಸೆಪ್ಟೆಂಬರ್ ಬಂತೆಂದರೆ ಮೈಸೂರಿನಲ್ಲಿ ಎರಡು ಕೆಲಸ ತಪ್ಪದೆ ಶುರುವಾಗುತ್ತವೆ. ಒಂದು, ದಸರಾಗೆ ಮುಂಚೆ ರಸ್ತೆ ಅಗೆಯುವುದು, ತೇಪೆ ಹಾಕುವುದು. ಇನ್ನೊಂದು, 15ನೇ ತಾರೀಕಿನ ಎಂಜಿನಿಯರ್ಸ್ ಡೇ ಹೊತ್ತಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ರೈಲಿನ ಕಥೆ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುವುದು. ನನಗೆ ಪ್ರತಿ ವರ್ಷ ಕಳಿಸುವವರು ನಮ್ಮ ದೊಡ್ಡಪ್ಪ.

ಕಥೆ ನಿಮಗೂ ಗೊತ್ತಿರುತ್ತದೆ. ಬ್ರಿಟಿಷರ ಕಾಲ, ರಾತ್ರಿ ರೈಲು. ಬೋಗಿಯ ತುಂಬ ಬಿಳಿಯರು, ಮೂಲೆಯಲ್ಲಿ ಸಾದಾ ಉಡುಪಿನ ಒಬ್ಬ ಭಾರತೀಯ. ಯಾರೋ ಹಳ್ಳಿಗುಗ್ಗು ಎಂದುಕೊಂಡು ಎಲ್ಲರೂ ಆಡಿಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಆತ ಎದ್ದು ಸರಪಳಿ ಎಳೆಯುತ್ತಾನೆ. ಗಾರ್ಡ್ ಬಂದು ಗದರಿದಾಗ, ಒಂದು ಫರ್ಲಾಂಗ್ ಮುಂದೆ ಹಳಿ ಕಿತ್ತುಹೋಗಿದೆ, ಗಾಡಿಯ ಸದ್ದು ಬದಲಾದದ್ದರಿಂದ ಗೊತ್ತಾಯಿತು ಎನ್ನುತ್ತಾನೆ. ಲಾಟೀನು ಹಿಡಿದು ಹೋಗಿ ನೋಡಿದರೆ ಅದು ನಿಜ! ಹೆಸರು ಕೇಳಿದಾಗ ವಿಶ್ವೇಶ್ವರಯ್ಯ ಎಂದು ತಿಳಿದು ಬಿಳಿಯರೆಲ್ಲ ತಲೆತಗ್ಗಿಸುತ್ತಾರೆ.

ಈ ಕಥೆ ಯಾಕೆ ಇಷ್ಟವಾಗುತ್ತದೆ ಎಂಬುದರಲ್ಲಿ ಗುಟ್ಟೇನಿಲ್ಲ. ಬಟ್ಟೆ, ಬಣ್ಣ ನೋಡಿ ನಮ್ಮವರನ್ನು ಕೀಳಾಗಿ ಕಂಡ ಕಾಲ ನಿಜವಾಗಿಯೂ ಇತ್ತು. ಆ ಗಾಯಕ್ಕೆ ಈ ಕಥೆ ಒಂದು ಮುಲಾಮು. ಆದರೆ ಯಾವ ವರ್ಷ, ಯಾವ ಊರಿನಿಂದ ಯಾವ ಊರಿಗೆ, ಯಾವ ರೈಲು ಎಂಬುದು ಫಾರ್ವರ್ಡ್‌ನಲ್ಲಿ ಇರುವುದಿಲ್ಲ. ಒಂದು ಮೆಸೇಜಿನಲ್ಲಿ ಘಟನೆ ಭಾರತದಲ್ಲಿ ನಡೆದರೆ, ಇನ್ನೊಂದರಲ್ಲಿ ಇಂಗ್ಲೆಂಡಿನಲ್ಲಿ. ಒಂದರಲ್ಲಿ ಹಳಿ ಮುರಿದಿರುತ್ತದೆ, ಇನ್ನೊಂದರಲ್ಲಿ ನಟ್ಟು ಬೋಲ್ಟು ಬಿಚ್ಚಿರುತ್ತವೆ. ಹಾಗಾಗಿ ಕಥೆಯನ್ನು ಪಕ್ಕಕ್ಕಿಟ್ಟು ಎರಡು ವಿಷಯ ನೋಡೋಣ. ಹೀಗೆ ಕೇಳಿಸಲು ಸಾಧ್ಯವೇ? ಅಪಾಯವನ್ನು ಮೊದಲೇ ತಿಳಿಯುವ ವಿಚಾರದಲ್ಲಿ ವಿಶ್ವೇಶ್ವರಯ್ಯನವರು ನಿಜವಾಗಿ ಏನು ಮಾಡಿದರು?

ಮುದ್ದೇನಹಳ್ಳಿಯಿಂದ ಪುಣೆಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1860ರ ಸೆಪ್ಟೆಂಬರ್ 15ರಂದು (ಕೆಲವು ಪುಸ್ತಕಗಳಲ್ಲಿ 1861 ಎಂದಿದೆ, ನೂರನೇ ಹುಟ್ಟುಹಬ್ಬವನ್ನು ದೇಶ ಆಚರಿಸಿದ್ದು 1960ರಲ್ಲಿ). ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು.

ಗಮನಿಸಿ: ಅವರು ರೈಲ್ವೆ ಎಂಜಿನಿಯರ್ ಅಲ್ಲ. ಅವರ ಬದುಕೆಲ್ಲ ನೀರಿನ ಜೊತೆ. ಕೆಲಸದ ಮೇಲೆ ರೈಲಿನಲ್ಲಿ ಸಾಕಷ್ಟು ತಿರುಗಾಡಿರುತ್ತಾರೆ, ಅದು ಬೇರೆ ಮಾತು.

ಸದ್ದಿನ ಲೆಕ್ಕ

ಹಳೆಯ ಕಾಲದ ಹಳಿಗಳು ತುಂಡು ತುಂಡಾಗಿದ್ದವು. ಎರಡು ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು ಫಿಶ್ ಪ್ಲೇಟ್ ಮತ್ತು ಬೋಲ್ಟಿನಿಂದ ಜೋಡಿಸುತ್ತಿದ್ದರು. ಚಕ್ರ ಆ ಸಂದಿನ ಮೇಲೆ ಬಿದ್ದಾಗಲೆಲ್ಲ ಬರುವುದೇ ನಮಗೆ ಗೊತ್ತಿರುವ ಟಕ-ಟಕ್ ತಾಳ. ಈಗ ಹಳಿಗಳನ್ನು ಉದ್ದಕ್ಕೂ ಬೆಸೆಯುವುದರಿಂದ ಆ ತಾಳ ಕಡಿಮೆಯಾಗಿದೆ. ಹಳಿ ಮುರಿದ ಜಾಗದ ಮೇಲೆ ಚಕ್ರ ಹಾದುಹೋದರೆ ತಾಳ ತಪ್ಪುತ್ತದೆ, ಧಡ್ ಎನ್ನುತ್ತದೆ. ಅನುಭವಿಗಳು ಅದನ್ನು ಗುರುತಿಸಬಲ್ಲರು. ಎಷ್ಟೋ ಸಲ ರೈಲಿನ ಡ್ರೈವರುಗಳು ಹೀಗೆ ಜೋಲಿ ಹೊಡೆದದ್ದನ್ನು ಮುಂದಿನ ಸ್ಟೇಷನ್ನಿನಲ್ಲಿ ತಿಳಿಸುತ್ತಾರೆ.

ಆದರೆ ಆ ಸದ್ದು ಹೇಳುವುದು ದಾಟಿ ಬಂದ ಜಾಗದ ಸುದ್ದಿ. ಫಾರ್ವರ್ಡ್ ಹೇಳುವುದು ಇನ್ನೂ ಬಾರದ ಜಾಗದ ಸುದ್ದಿ.

ಕಬ್ಬಿಣದಲ್ಲಿ ಸದ್ದು ಬೇಗ ಹರಿಯುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಉಕ್ಕಿನಲ್ಲಿ ಸುಮಾರು 5,000 ಮೀಟರ್. ಗಾಡಿಯ ಕಂಪನ ಹಳಿಯ ಮೂಲಕ ಮುಂದಕ್ಕೂ ಓಡುತ್ತದೆ, ಬಿರುಕು ಇದ್ದಲ್ಲಿ ಒಂದಿಷ್ಟು ಪಾಲು ಹಿಂದಕ್ಕೆ ಪುಟಿಯುತ್ತದೆ. ತೊಂದರೆ ಏನೆಂದರೆ ಆ ಕಾಲದ ಹಳಿಯಲ್ಲಿ ಹತ್ತು ಹದಿಮೂರು ಮೀಟರಿಗೊಂದು ಸಂದು ಇತ್ತು. ಒಂದೊಂದು ಸಂದೂ ಹೀಗೇ ಕಂಪನವನ್ನು ಹಿಂದಕ್ಕೆ ಪುಟಿಸುತ್ತದೆ. ಇನ್ನೂರು ಮೀಟರ್ ದೂರದ ಒಂದು ಮುರಿತದ ದನಿಯನ್ನು ಇಷ್ಟು ಸಂದುಗಳ ಗದ್ದಲದಲ್ಲಿ, ಎಂಜಿನ್ನಿನ ಆರ್ಭಟದಲ್ಲಿ, ಸ್ಪ್ರಿಂಗು-ಮರದ ಸೀಟು ದಾಟಿ ಬಂದ ಕಂಪನದಲ್ಲಿ ಬೇರ್ಪಡಿಸಿ ಕೇಳುವುದು ಮನುಷ್ಯನ ಕಿವಿಗೆ ಆಗದ ಕೆಲಸ.

ಕೇಳಿಸಿತು ಎಂದೇ ಇಟ್ಟುಕೊಳ್ಳೋಣ. ಒಂದು ಫರ್ಲಾಂಗ್ ಎಂದರೆ ಸುಮಾರು 200 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಂದರೆ ಕೈಯಲ್ಲಿರುವುದು 12 ಸೆಕೆಂಡ್. ಅಷ್ಟರಲ್ಲಿ ಅನುಮಾನ ಬರಬೇಕು, ಎದ್ದು ನಿಲ್ಲಬೇಕು, ಸರಪಳಿ ಎಳೆಯಬೇಕು. ಸರಪಳಿ ಎಳೆದ ತಕ್ಷಣ ಗಾಡಿ ಗಕ್ಕನೆ ನಿಲ್ಲುವುದು ಸಿನಿಮಾದಲ್ಲಿ ಮಾತ್ರ. ಸರಪಳಿ ಮಾಡುವುದು ಬ್ರೇಕಿನ ಕೊಳವೆಯಲ್ಲಿ ಒಂದು ಬಾಯಿ ತೆರೆಯುವ ಕೆಲಸ. ಅದರಿಂದ ಬ್ರೇಕ್ ಹಿಡಿಯತೊಡಗುತ್ತದೆ, ಡ್ರೈವರ್ ಗಮನಿಸಿ ಗಾಡಿ ನಿಲ್ಲಿಸುತ್ತಾನೆ. ಅಷ್ಟು ವೇಗದ ಗಾಡಿ ನಿಲ್ಲಲು ಕೆಲವು ನೂರು ಮೀಟರ್ ಬೇಕು. ಫಾರ್ವರ್ಡ್‌ನ ಲೆಕ್ಕದಲ್ಲೇ ಹೋದರೆ, ವಿಶ್ವೇಶ್ವರಯ್ಯನವರು ಸರಿಯಾಗಿ ಗುರುತಿಸಿದ್ದರೂ ಎಂಜಿನ್ ಮುರಿದ ಹಳಿಯ ಮೇಲೆ ಹೋಗಿಬಿಟ್ಟಿರುತ್ತಿತ್ತು.

ಹಾಗಾದರೆ ಮುರಿದ ಹಳಿಯನ್ನು ಕಂಡುಹಿಡಿಯುವವರು ಯಾರು? ಕೀಮನ್. ರೈಲು ಹಳಿಯ ಪಕ್ಕ ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್ ಹಾಕಿಕೊಂಡು ಒಬ್ಬರೇ ನಡೆದುಹೋಗುವವರನ್ನು ನೀವು ನೋಡಿರುತ್ತೀರಿ. ದಿನವೂ ತಮ್ಮ ಪಾಲಿನ ಕೆಲವು ಕಿಲೋಮೀಟರ್ ಹಳಿಯನ್ನು ನಡೆದು ನೋಡುವುದು, ಸಡಿಲವಾದ ಕೀಲಿ ಬಿಗಿ ಮಾಡುವುದು ಅವರ ಕೆಲಸ. ಮುರಿತ ಕಂಡರೆ ಅವರು ಅಲ್ಲೇ ನಿಂತು ಕೂಗುವುದಿಲ್ಲ. ಕೆಂಪು ಬಾವುಟ ಹಿಡಿದು, ಗಾಡಿ ಬರುವ ದಿಕ್ಕಿಗೆ ಓಡುತ್ತಾರೆ. ಬ್ರಾಡ್‌ಗೇಜ್ ನಿಯಮದಂತೆ 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಡಿಟೋನೇಟರ್ ಇಡುತ್ತಾರೆ, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಇನ್ನು ಮೂರು. ಚಕ್ರ ಹರಿದಾಗ ಪಟಾಕಿಯಂತೆ ಸಿಡಿಯುವ ಈ ಸಣ್ಣ ಡಬ್ಬಿ 1841ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಮಂಜಿನಲ್ಲಿ, ರಾತ್ರಿಯಲ್ಲಿ ಬಾವುಟ ಕಾಣದಿದ್ದರೂ ಡ್ರೈವರಿಗೆ ಕಿವಿಯಲ್ಲಿ ಸುದ್ದಿ ಮುಟ್ಟುತ್ತದೆ. ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸಿ, ಅದು ತುಂಡಾದರೆ ಸಿಗ್ನಲ್ ತಾನಾಗಿ ಕೆಂಪಾಗುವ ವ್ಯವಸ್ಥೆಯೂ 1872ರಿಂದ ಇದೆ.

ಫರ್ಲಾಂಗಿಗೂ 1200 ಮೀಟರಿಗೂ ಇರುವ ವ್ಯತ್ಯಾಸ ನೋಡಿ. ಕಥೆ ಬರೆದವರಿಗೆ ಗಾಡಿ ನಿಲ್ಲಲು ಎಷ್ಟು ದೂರ ಬೇಕೆಂದು ಗೊತ್ತಿರಲಿಲ್ಲ, ನಿಯಮ ಬರೆದವರಿಗೆ ಗೊತ್ತಿತ್ತು. ನನಗೆ ಈ ಫಾರ್ವರ್ಡ್ ಮೇಲಿರುವ ತಕರಾರೂ ಅಷ್ಟೇ. ಅದು ಬಿಸಿಲಲ್ಲಿ ನಡೆಯುವ ಕೀಮನ್‌ನನ್ನು ಚಿತ್ರದಿಂದಲೇ ಅಳಿಸಿಬಿಡುತ್ತದೆ.

ಯಾರೂ ನೋಡದಿದ್ದರೂ ತೆರೆಯುವ ಬಾಗಿಲು

ಈಗ ನಿಜವಾದ ವಿಶ್ವೇಶ್ವರಯ್ಯನವರು. ಮುಂಬೈ ಪ್ರಾಂತ್ಯದಲ್ಲಿ ನಾಸಿಕ, ಖಾನ್‌ದೇಶ, ಪುಣೆ ಎಂದು ಸುತ್ತಿದರು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ನದಿಯ ರಾಡಿ ನೀರನ್ನು ಮರಳಿನಲ್ಲೇ ಸೋಸಿ ಬಾವಿಗೆ ಇಳಿಸಿ ಊರಿಗೆ ಕೊಟ್ಟರು. ಅವರ ಹೆಸರು ದೊಡ್ಡದಾದದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಅಲ್ಲಿನ ಜಲಾಶಯ ತುಂಬಿದ ಮೇಲೆ ನೀರು ಕೋಡಿ ಬಿದ್ದು ವ್ಯರ್ಥವಾಗುತ್ತಿತ್ತು. ಅಣೆಕಟ್ಟು ಎತ್ತರಿಸಲು ದುಡ್ಡು ಬೇಕು, ಕೋಡಿಗೆ ಗೇಟು ಹಾಕಿದರೆ ಪ್ರವಾಹ ಬಂದಾಗ ಅದನ್ನು ತೆರೆಯಲು ಯಾರಾದರೂ ಎಚ್ಚರವಾಗಿರಬೇಕು. ನಡುರಾತ್ರಿ ಮಳೆ ಸುರಿದಾಗ ಕಾವಲುಗಾರ ನಿದ್ದೆಹೋದರೆ?

ಅವರು ಕಂಡುಕೊಂಡ ಉತ್ತರ 1903ರಲ್ಲಿ ಜಾರಿಗೆ ಬಂತು. ನೀರಿನ ಮಟ್ಟ ಮತ್ತು ಎದುರು ತೂಕದ ಸಮತೋಲನದ ಮೇಲೆ ನಿಂತ ಗೇಟುಗಳು. ನೀರು ಗೊತ್ತಾದ ಮಟ್ಟ ಮೀರಿದರೆ ತಾವಾಗಿಯೇ ತೆರೆಯುತ್ತವೆ, ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಯಾರೋ ಒಬ್ಬರ ಕಿವಿ, ಕಣ್ಣು, ಚುರುಕುತನದ ಮೇಲೆ ಊರಿನ ಪ್ರಾಣ ನಿಲ್ಲಬಾರದು ಎಂಬ ಯೋಚನೆ ಅದು. ಸರಪಳಿ ಕಥೆಯ ನಾಯಕನಿಗೂ ಈ ಎಂಜಿನಿಯರಿಗೂ ಸ್ವಭಾವದಲ್ಲೇ ಅಜಗಜಾಂತರ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಷ್ಟರಲ್ಲಿ ಅವರು ಮುಂಬೈ ಸರ್ಕಾರದ ಕೆಲಸ ಬಿಟ್ಟಿದ್ದರು. ನಿಜಾಮರ ಸರ್ಕಾರ ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿದ್ದ ಕೆರೆಗಳು ಒಂದರ ಹಿಂದೊಂದು ಒಡೆದು ಪ್ರವಾಹವನ್ನು ಹೆಚ್ಚಿಸಿದ್ದನ್ನು ಅವರು ಲೆಕ್ಕ ಹಾಕಿದರು. ಊರಿನ ಮೇಲೆ ಎರಡು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆದು, ಸ್ವಲ್ಪ ಸ್ವಲ್ಪವಾಗಿ ಬಿಡಬೇಕೆಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಕನ್ನಂಬಾಡಿ ಎಂಬ ಕಾಮಗಾರಿ

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಅದಕ್ಕೆ ಒಂದು ತಿಂಗಳು ಮುಂಚೆ, ಅಕ್ಟೋಬರಿನಲ್ಲಿ, ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು ಮೊಟ್ಟಮೊದಲ ಬಾರಿಗೆ ಎಲ್ಲರಿಗೂ ಒಂದೇ ರೀತಿಯ ರಸ್ತೆ ಚಿಹ್ನೆಗಳನ್ನು ಒಪ್ಪಿಕೊಂಡವು. ಆಗ ಇದ್ದದ್ದು ನಾಲ್ಕೇ: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಕೆಲಸ ನಡೆಯುತ್ತಿದೆ ಎನ್ನುವ, ಸನಿಕೆ ಹಿಡಿದ ಮನುಷ್ಯನ ಚಿತ್ರ ಇನ್ನೂ ಹುಟ್ಟಿರಲಿಲ್ಲ.

ಕನ್ನಂಬಾಡಿ ಕೆಲಸ 1911ರಲ್ಲಿ ಆರಂಭವಾಯಿತು. ಹಣ ಕೊಟ್ಟು ಬೆನ್ನಿಗೆ ನಿಂತವರು ನಾಲ್ವಡಿ ಕೃಷ್ಣರಾಜ ಒಡೆಯರು. ಸುಮಾರು ಹತ್ತು ಸಾವಿರ ಜನ ದುಡಿದರು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಮುಂಗಾರಿನ ನೀರು ಬರುವುದರೊಳಗೆ ಅಡಿಪಾಯ ನದಿಯ ಮಟ್ಟದಿಂದ ಮೇಲೇಳಬೇಕಿತ್ತು. ಹಾಗಾಗಿ ರಾತ್ರಿಯೂ ದೊಡ್ಡ ದೀಪಗಳ ಬೆಳಕಿನಲ್ಲಿ ಕೆಲಸ ನಡೆಯಿತು. ಮಲೇರಿಯಾ ಕೂಲಿಗಳನ್ನು ಹಣ್ಣು ಮಾಡಿತು. ತಲೆಗೆ ಹೆಲ್ಮೆಟ್ ಎಂಬ ಮಾತೇ ಇರಲಿಲ್ಲ. ಅಮೆರಿಕದಲ್ಲಿ ಬುಲ್ಲಾರ್ಡ್ ಎಂಬ ಕಂಪನಿ ಕೆಲಸಗಾರರಿಗೆ ಗಟ್ಟಿ ಟೋಪಿ ಮಾರಾಟಕ್ಕೆ ತಂದದ್ದು 1919ರಲ್ಲಿ, ಕಾಮಗಾರಿ ಜಾಗದಲ್ಲಿ ಅದನ್ನು ಕಡ್ಡಾಯ ಮಾಡಿದ ಹೆಸರಾಂತ ಉದಾಹರಣೆ 1933ರಲ್ಲಿ ಶುರುವಾದ ಗೋಲ್ಡನ್ ಗೇಟ್ ಸೇತುವೆ. ನಮ್ಮ ಅಣೆಕಟ್ಟು ಅಷ್ಟರಲ್ಲಿ ಮುಗಿದೇಹೋಗಿತ್ತು.

ಇಲ್ಲಿ ಇನ್ನೊಂದು ಫಾರ್ವರ್ಡನ್ನೂ ಸರಿಪಡಿಸಬಹುದು. ಕೆಆರ್‌ಎಸ್ ಅನ್ನು ವಿಶ್ವೇಶ್ವರಯ್ಯನವರು ಒಬ್ಬರೇ ಕಟ್ಟಿ ಮುಗಿಸಿದರು ಎನ್ನುವುದು ತಪ್ಪು. ಅವರು 1912ರಲ್ಲಿ ದಿವಾನರಾದರು, 1918ರಲ್ಲಿ ಆ ಹುದ್ದೆ ಬಿಟ್ಟರು. ಮದ್ರಾಸ್ ಸರ್ಕಾರದ ಜೊತೆಗಿನ ನೀರಿನ ಜಗಳ 1924ರ ಒಪ್ಪಂದದವರೆಗೂ ಎಳೆಯಿತು. ಅಣೆಕಟ್ಟು ಪೂರ್ತಿಯಾದದ್ದು 1931ರ ಹೊತ್ತಿಗೆ, ಹಲವು ಎಂಜಿನಿಯರುಗಳ ಕೈದಾಟಿ. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು, ಸಾವಿರಾರು ಜನ ಮನೆ ಬಿಟ್ಟರು. ಯೋಜನೆ ಅವರದು, ಧೈರ್ಯ ಅವರದು, ಸ್ವಯಂಚಾಲಿತ ಗೇಟುಗಳ ವಿದ್ಯೆ ಅವರದು. ಅಷ್ಟೇ ಸಾಕಲ್ಲವೇ?

ಆ ಅಣೆಕಟ್ಟು ನಮಗೊಂದು ಸಿಗ್ನಲ್ಲನ್ನೂ ಕೊಟ್ಟಿದೆ. 124.80 ಅಡಿ. ಮೈಸೂರು, ಮಂಡ್ಯದಲ್ಲಿ ಶಾಲೆಗೆ ಹೋಗದವರಿಗೂ ಈ ಸಂಖ್ಯೆ ಗೊತ್ತು. ಜುಲೈ ಬಂದರೆ ಪೇಪರಿನಲ್ಲಿ ಮೊದಲು ನೋಡುವುದು ಅಂದಿನ ಮಟ್ಟ, ಒಳಹರಿವು, ಹೊರಹರಿವು. ಹೊರಹರಿವಿನ ಅಂಕಿ ಏರಿದರೆ ಶ್ರೀರಂಗಪಟ್ಟಣದ ಕಡೆ ನದಿಪಾತ್ರದವರಿಗೆ ಎಚ್ಚರಿಕೆ ಹೋಗುತ್ತದೆ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. ಒಂದು ಸಂಖ್ಯೆ, ಎಲ್ಲರಿಗೂ ಒಂದೇ ಅರ್ಥ, ಅಪಾಯ ಮುಟ್ಟುವ ಮುಂಚೆ ಬರುವ ಸುದ್ದಿ. ಒಳ್ಳೆಯ ಸಿಗ್ನಲ್ ಅಂದರೆ ಇದೇ.

ಅಗೆದ ರಸ್ತೆಗೆ ಕೊಂಬೆ

ನಮ್ಮ ರಸ್ತೆ ಕಾಮಗಾರಿಗೆ ಬರೋಣ. ನೆಲ ಅಗೆದಿದ್ದಾರೆ ಎಂದು ನಮಗೆ ಗೊತ್ತಾಗುವುದು ಹೇಗೆ? ನಾಲ್ಕು ಕಲ್ಲು, ಒಂದು ಹೊಂಗೆ ಕೊಂಬೆ. ಹಗಲಲ್ಲಿ ಅದೂ ಒಂದು ಭಾಷೆಯೇ, ಲಾರಿ ಕೆಟ್ಟು ನಿಂತರೂ ಹಿಂದೆ ಇಡುವುದು ಅದನ್ನೇ. ರಾತ್ರಿ ಅದು ಮೂಕ. ಹಸಿರೆಲೆ ಹೆಡ್‌ಲೈಟಿನ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ನಿಮ್ಮ ಕಣ್ಣಿಗೆ ಮರಳುವುದು ಅಲ್ಪ. ಸರಿಯಾದ ಬೋರ್ಡಿನ ಹಾಳೆಯಲ್ಲಿ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಬೆಳಕು ಬಂದ ದಾರಿಯಲ್ಲೇ ಅದನ್ನು ವಾಪಸ್ ಕಳಿಸುತ್ತವೆ, ಹಾಗಾಗಿ ಬೋರ್ಡು ದೂರದಿಂದಲೇ ಹೊಳೆಯುತ್ತದೆ. ಮಣ್ಣಿನ ರಾಶಿಯೊಂದಕ್ಕೆ ಎರಡಡಿ ಮುಂದೆ ಸ್ಕೂಟರ್ ನಿಲ್ಲಿಸಿದ ರಾತ್ರಿ ಈ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥವಾಯಿತು.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಕಾಮಗಾರಿ ಜಾಗವನ್ನು ನಾಲ್ಕು ಭಾಗವಾಗಿ ನೋಡುತ್ತದೆ. ಮೊದಲು ಎಚ್ಚರಿಕೆ ಕೊಡುವ ಉದ್ದ, ಆಮೇಲೆ ಕೋನ್‌ಗಳನ್ನು ಓರೆಯಾಗಿ ಇಟ್ಟು ವಾಹನಗಳನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸುವ ಉದ್ದ, ನಂತರ ಕೆಲಸದ ಜಾಗ, ಕೊನೆಗೆ ಮತ್ತೆ ಮಾಮೂಲಿ ದಾರಿಗೆ ಬಿಡುವ ಉದ್ದ. ಪ್ರಾಣ ಉಳಿಸುವುದು ಮೊದಲಿನ ಎರಡು. ಯಾಕೆಂದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಪಾಯ ಕಂಡು ನಿಲ್ಲಲು 120 ಮೀಟರ್ ದೂರ ಬೇಕೆಂದು ಅದೇ ಸಂಸ್ಥೆಯ ಲೆಕ್ಕ, 100ರ ವೇಗದಲ್ಲಿ 180 ಮೀಟರ್. ಗುಂಡಿಯ ಅಂಚಿಗೇ ಬೋರ್ಡು ನೆಟ್ಟರೆ ಅದು ಫೋಟೊಗೆ ಮಾತ್ರ. ಮತ್ತದೇ ಫರ್ಲಾಂಗ್ ಸಮಸ್ಯೆ.

ಕೆಂಪು ಬಣ್ಣದ ಬಗ್ಗೆಯೂ ಒಂದು ಅರ್ಧಸತ್ಯ ಓಡಾಡುತ್ತದೆ. ಕೆಂಪು ಬೆಳಕು ಕಡಿಮೆ ಚದುರುವುದರಿಂದ ಮಂಜಿನಲ್ಲೂ ದೂರ ಕಾಣುತ್ತದೆ, ಅದಕ್ಕೇ ಅಪಾಯಕ್ಕೆ ಕೆಂಪು ಎನ್ನುವುದು. ಶುದ್ಧ ಗಾಳಿಯಲ್ಲಿ ಕೆಂಪು ಕಡಿಮೆ ಚದುರುವುದು ನಿಜ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ತುಂಬ ದೊಡ್ಡವು, ಅಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ ರೀತಿ ಚದುರುತ್ತವೆ. ಹಗಲಲ್ಲಿ ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು ಹಳದಿ-ಹಸಿರಿಗೆ. ಕೆಲಸಗಾರರ ಜಾಕೆಟ್ ಆ ಮಿರುಗು ಬಣ್ಣದಲ್ಲಿರುವುದು ಅದಕ್ಕೇ. ಕೆಂಪು ಬಂದದ್ದು ಹಳೆಯ ರೂಢಿಯಿಂದ, ರೈಲ್ವೆಯ ಮೂಲಕ. 1868ರಲ್ಲಿ ಲಂಡನ್ನಿನಲ್ಲಿ ಮೊದಲ ರಸ್ತೆ ಸಿಗ್ನಲ್ ನಿಲ್ಲಿಸಿದವರೂ ಒಬ್ಬ ರೈಲ್ವೆ ಎಂಜಿನಿಯರ್. ಗ್ಯಾಸ್ ದೀಪದ ಆ ಸಿಗ್ನಲ್ ಮರುವರ್ಷ ಸಿಡಿದು ಪೊಲೀಸನೊಬ್ಬನಿಗೆ ಗಾಯವಾಯಿತು.

ಫಾರ್ವರ್ಡ್ ಮಾಡಲು ಬೇಕಾದರೆ ಇದನ್ನು ಮಾಡಿ: 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೋರ್ಡಿಲ್ಲದ ಕಾಮಗಾರಿ ಕಂಡರೆ 1033ಕ್ಕೆ ಕರೆ ಮಾಡಬಹುದು. ಗಾಡಿ ನಿಲ್ಲಿಸಿ, ಪಕ್ಕಕ್ಕೆ ಹೋಗಿ, ಆಮೇಲೆ ಫೋನ್ ಮಾಡಿ.

ನೂರರ ಹತ್ತಿರ

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಅದಕ್ಕೆ ಮುಂಚೆ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು ಅವರ ಕಾಲದಲ್ಲೇ ಹುಟ್ಟಿದ್ದವು. ತೊಂಬತ್ತು ದಾಟಿದ ಮೇಲೂ ಗಂಗಾ ನದಿಗೆ ಮೊಕಾಮಾದಲ್ಲಿ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡಲು ಬಿಹಾರಕ್ಕೆ ಹೋದರು. 1955ರಲ್ಲಿ ಭಾರತ ರತ್ನ ಬಂತು.

1961ರ ಜುಲೈ 12ರಂದು, ಅವರು ಇನ್ನೂ ಬದುಕಿದ್ದಾಗಲೇ, ಪುಣೆಯ ಮೇಲ್ಭಾಗದಲ್ಲಿ ಇನ್ನೂ ಕೆಲಸ ಮುಗಿಯದಿದ್ದ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಆ ನೀರಿನ ಗೋಡೆ ಕೆಳಗಿನ ಖಡಕ್‌ವಾಸ್ಲಾಕ್ಕೆ ಬಂದು ಬಡಿಯಿತು. ಐವತ್ತೆಂಟು ವರ್ಷದ ಹಿಂದೆ ಅವರು ಸ್ವಯಂಚಾಲಿತ ಗೇಟು ಕೂರಿಸಿದ್ದ ಅಣೆಕಟ್ಟೂ ಒಡೆದು ಪುಣೆ ಮುಳುಗಿತು. ಮಳೆಯ ಪ್ರವಾಹಕ್ಕೆ ತೆರೆಯುವ ಗೇಟು, ಮೇಲಿನ ಅಣೆಕಟ್ಟೇ ಒಡೆದು ಬರುವ ನೀರಿಗೆ ಸಾಲದು. ಯಾವ ಯಂತ್ರವೂ ತನಗೆ ಹಾಕಿಕೊಟ್ಟ ಲೆಕ್ಕದ ಆಚೆಗೆ ಕಾಯುವುದಿಲ್ಲ.

1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ದೊಡ್ಡಪ್ಪನಿಗೆ ಈ ವರ್ಷ ಹನ್ನೆರಡು ಸೆಕೆಂಡಿನ ಲೆಕ್ಕವನ್ನು ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: ಅವರ ಮನೆಯ ಮುಂದಿನ ರಸ್ತೆಯ ಫೋಟೊ, ಉದ್ದಕ್ಕೆ ಅಗೆದ ಚರಂಡಿ, ಅದರ ಅಂಚಿಗೆ ಒಂದು ಕೊಂಬೆ.